ಬೀಗದ ಕೈ ಮನೆಯೊಳಗೆ

2008ರಲ್ಲಿ ನಮ್ಮೂರ ಶಾಲೆಯ ಹತ್ತು ಕಂಪ್ಯೂಟರುಗಳಿಗೆ ವಿಂಡೋಸ್ ಎಕ್ಸ್‌ಪಿ ಹಾಕುವ ಭಾರವನ್ನು ವಹಿಸಿಕೊಂಡೆನು. ಮರುದಿನವೇ ಶಾಲೆಯ ಆರಂಭ. ಯಂತ್ರವು ಕೇಳತಕ್ಕ ಪ್ರಶ್ನೆಗಳಿಗೆಲ್ಲ ಮುಂಚಿತವಾಗಿ ಉತ್ತರ ಬರೆದಿಟ್ಟು, ನಿಶ್ಚಿಂತೆಯಿಂದ ಮನೆಗೆ ಬಂದು ಮಲಗಿದೆನು. ಬೆಳಗ್ಗೆ ಹೋಗಿ ನೋಡಲಾಗಿ ಹತ್ತು ಪರದೆಗಳಲ್ಲಿಯೂ ಒಂದೇ ದೂರು: ಹಾರ್ಡ್ ಡಿಸ್ಕ್ ಕಾಣುತ್ತಿಲ್ಲ!

2001ರ ಆ ವ್ಯವಸ್ಥೆಗೆ ಹೊಸ ಯಂತ್ರಗಳ ಡಿಸ್ಕಿನ ಪರಿಚಯವಿರಲಿಲ್ಲ. ಪರಿಚಯ ಮಾಡಿಸತಕ್ಕ ಡ್ರೈವರನ್ನು ನಾನು ಧ್ವನಿ, ಚಿತ್ರಗಳ ಡ್ರೈವರುಗಳೊಡನೆ ಇಟ್ಟಿದ್ದೆನು. ಅವು ಬೇಕಾಗುವುದು ಕಡತಗಳೆಲ್ಲ ಡಿಸ್ಕಿಗೆ ಇಳಿದ ಬಳಿಕ. ಇದಾದರೋ ಮೊದಲ ಹಂತದಲ್ಲಿಯೇ ಬೇಕು. ಬೀಗದ ಕೈಯನ್ನು ಮನೆಯೊಳಗಿಟ್ಟು ಹೊರಗಿನಿಂದ ಬೀಗ ಹಾಕಿದಂತಾಯಿತು!

ಉತ್ತರಪತ್ರದಲ್ಲಿ ಅದನ್ನು ಮೊದಲ ಹಂತಕ್ಕೆ ಸೇರಿಸಿ, ಒಂದು ಯಂತ್ರದಲ್ಲಿ ಪರೀಕ್ಷಿಸಿ, ಬಳಿಕ ಉಳಿದವಕ್ಕೆ ಹಾಕಿದೆನು. ಮಕ್ಕಳು ಮಧ್ಯಾಹ್ನದವರೆಗೆ ಕಾದರು. ನಾವಿಲ್ಲದಾಗ ನಡೆಯಬೇಕಾದ ಕೆಲಸಕ್ಕೆ ನಾವಿರುವಾಗಲೇ ಹೆಚ್ಚು ಎಚ್ಚರ ಬೇಕು.