ಕಾಗದದ ಕವಚ

ನಿನ್ನೆ ರಾತ್ರಿ ಮನೆಯವರೆಲ್ಲರೂ ಮಲಗಿದ ಮೇಲೆ, ಮೂರು ದಿನಗಳಿಂದ ಜೋಡಿ ಸಿಕ್ಕದೆ ಮೇಜಿನ ಮೇಲೆ ಅನಾಥವಾಗಿ ಬಿದ್ದಿದ್ದ 117ನೆಯ ಅಂಚು ತನ್ನ ಸಂಖ್ಯೆಯನ್ನೇ ಹೊತ್ತ ಇನ್ನೊಂದು ಅಂಚನ್ನು ಕೂಡಿಕೊಂಡು, ‘ಹೇಲೋ’ ವಿಡಿಯೋ ಆಟದ ವೀರ ಮಾಸ್ಟರ್ ಚೀಫನ ಕಾಗದದ ಶಿರಸ್ತ್ರಾಣದ ಎಡಗೆನ್ನೆ ಮುಚ್ಚಿಕೊಂಡಿತು. ಆ ವೀರನ ಸೇನಾಸಂಖ್ಯೆಯೂ 117 ಆಗಿರುವುದು ಕೇವಲ ಕಾಕತಾಳೀಯವೆಂದು ಬುದ್ಧಿ ಹೇಳಿದರೂ, ಆ ಅಪರಾತ್ರಿಯಲ್ಲಿ ಎದ್ದು ಕಾಫಿ ಕಾಯಿಸಿಕೊಳ್ಳುವಷ್ಟು ಉತ್ಸಾಹ ನನಗೆ ಬಂದದ್ದು ನಿಜ.

ಪೆಪಾಕುರಾ ತಂತ್ರಾಂಶವು ಗಣಕದೊಳಗಿನ ಘನಾಕೃತಿಯನ್ನು ಬಿಚ್ಚಿ ಹಾಳೆಗಳ ಮೇಲೆ ಹರಡಿಕೊಟ್ಟ ಮೇಲೆ ಕತ್ತರಿಸುವುದು, ಅಂಟಿಸುವುದು, ರೆಸಿನ್ ಬಳಿಯುವುದು ಎಲ್ಲರೂ ಬಲ್ಲ ಕೆಲಸಗಳೇ. ಮಡಿಕೆಯ ವಿಷಯದಲ್ಲಿ ಮಾತ್ರ ನಾನು ಯಾರೊಡನೆಯೂ ರಾಜಿಯಾಗಲಾರೆ. ಮಸಿ ತೀರಿದ ಬಾಲ್‌ಪೆನ್ನನ್ನು ಉಕ್ಕಿನ ಅಡಿಪಟ್ಟಿಗೆ ಆನಿಸಿ, 200 ಜಿಎಸ್‌ಎಂ ಹಾಳೆಯ ಪ್ರತಿಯೊಂದು ಗೆರೆಯನ್ನೂ ಒಮ್ಮೆ, ಒಮ್ಮೆ ಮಾತ್ರ, ಹದವಾಗಿ ಒತ್ತಿ ಎಳೆಯಬೇಕು. ಚಾಕು ಕಾಗದದ ನಾರನ್ನು ಕೊಯ್ಯುತ್ತದೆ; ಸತ್ತ ಪೆನ್ನು ಅದನ್ನು ತಗ್ಗಿಸುವುದಷ್ಟೆ. ನಮ್ಮ ಮನೆಯಲ್ಲಿ ಬರೆಯುವುದನ್ನು ನಿಲ್ಲಿಸಿದ ಪೆನ್ನನ್ನು ಎಸೆಯುವ ಅಧಿಕಾರ ಯಾರಿಗೂ ಇಲ್ಲ. ಅದರ ಉತ್ತರಾಯುಷ್ಯ ನನ್ನ ಡಬ್ಬಿಯಲ್ಲಿ ಆರಂಭವಾಗುತ್ತದೆ.

ಇದೇ ವ್ಯಸನದ ಮಿತ್ರರೊಬ್ಬರು ಗೆರೆ ಎಳೆಯದೆ ಬೆರಳಿನಿಂದಲೇ ಹಾಳೆಯನ್ನು ಮಡಿಸಿ, “ಪುಟ್ಟಿ ಮೆತ್ತಿ ಉಜ್ಜಿದರೆ ಯಾರಿಗೆ ಗೊತ್ತಾಗುತ್ತೆ ಸಾರ್?” ಎನ್ನುತ್ತಾರೆ. ತಲೆಗೆ ಗೊತ್ತಾಗುತ್ತದೆ, ಸ್ವಾಮಿ! ಮೊಂಡಾದ ಒಂದೊಂದು ಮಡಿಕೆಯೂ ಕೂದಲೆಳೆಯಷ್ಟು ಕದ್ದರೂ ಕಡೆಯ ಕೂಡಿಕೆಯ ಹೊತ್ತಿಗೆ ಬೆರಳಗಲದ ಬಿರುಕು ಬಾಯ್ದೆರೆದಿರುತ್ತದೆ. ಅದನ್ನು ಬಲಾತ್ಕಾರದಿಂದ ಎಳೆದು ಅಂಟಿಸಿದರೆ ಶಿರಸ್ತ್ರಾಣ ಸೊಟ್ಟಗಾಗುತ್ತದೆ. ರೆಸಿನ್ ಆ ಸೊಟ್ಟನ್ನೇ ಶಾಶ್ವತಗೊಳಿಸುತ್ತದೆ. ಅವರ ಹಿಂದಿನ ಕೃತಿಯ ಎರಡು ಕಣ್ಣುಗಳೂ ಪರಸ್ಪರ ಮಾತು ಬಿಟ್ಟ ದಾಯಾದಿಗಳಂತೆ ಬೇರೆಬೇರೆ ದಿಕ್ಕನ್ನು ನೋಡುತ್ತಿದ್ದುವು. ಪುಟ್ಟಿಯ ಭಾರಕ್ಕೆ ಅವರ ಕತ್ತೂ ಬಾಗಿತ್ತು. ಅಷ್ಟಾದರೂ ಉಪದೇಶ ನನಗೇ!

ನನ್ನ ಈ ಹಟ ಕೇವಲ ಮಡಿವಂತಿಕೆಯಲ್ಲ. ಗೋಳದ ಮೈಯನ್ನು ಹಿಗ್ಗಿಸದೆ ಕುಗ್ಗಿಸದೆ ಸಮತಲದಲ್ಲಿ ಹಾಸಲು ಅಸಾಧ್ಯವೆಂಬುದು ಗಣಿತಜ್ಞ ಗೌಸ್ 1827ರಲ್ಲಿ ಮಂಡಿಸಿದ ಪ್ರಮೇಯದಿಂದ ಹೊರಡುವ ಮಾತು. ಕವಚಗಳಿಗೆ ಹೆಸರಾದ ನ್ಯೂರೆಂಬರ್ಗಿನ ಕಮ್ಮಾರನಿಗೆ ಇದು ತೊಡಕಾಗಿರಲಿಲ್ಲ, ಏಕೆಂದರೆ ತಗಡು ಸುತ್ತಿಗೆಯ ಪೆಟ್ಟಿಗೆ ಹಿಗ್ಗುತ್ತದೆ. ಕಾಗದವೋ ಹಿಗ್ಗದು, ಆದುದರಿಂದ ನಾವು ಬುರುಡೆಯ ಗುಂಡನ್ನು ನೂರಾರು ಚಪ್ಪಟೆ ತ್ರಿಕೋಣಗಳಾಗಿ ಒಡೆದು, ಸುತ್ತಿಗೆಯ ಕೆಲಸವನ್ನೆಲ್ಲ ಮಡಿಕೆಗೆ ವಹಿಸಿದ್ದೇವೆ. ವಿನೋದವೆಂದರೆ, ಘನಾಕೃತಿಗಳನ್ನು ಹೀಗೆ ಬಿಡಿಸಿ ಪುಟದ ಮೇಲೆ ಹಾಸಿದ ಚಿತ್ರಗಳನ್ನು 1525ರಷ್ಟು ಹಿಂದೆಯೇ ತನ್ನ ಜ್ಯಾಮಿತಿಯ ಗ್ರಂಥದಲ್ಲಿ ಅಚ್ಚು ಹಾಕಿಸಿದ ಚಿತ್ರಕಾರ ಡ್ಯೂರರ್ ಅದೇ ನ್ಯೂರೆಂಬರ್ಗಿನವನು. ಅವನ ಬೀದಿಯ ಕಮ್ಮಾರರಲ್ಲಿ ಯಾರಾದರೂ ಆ ಪುಟಗಳನ್ನು ಕಂಡು ನಕ್ಕಿದ್ದರೆ, ಆ ನಗುವಿನ ಸದ್ದನ್ನು ನಾನು ಊಹಿಸಬಲ್ಲೆ: ನನ್ನ ಮನೆಯಲ್ಲಿ ದಿನವೂ ಕೇಳುತ್ತೇನೆ.

ಈಗ 118ನೆಯ ಅಂಚು ಕಾಣೆಯಾಗಿದೆ. ಬೆಳಿಗ್ಗೆ ಕೋಣೆಯನ್ನು ಗುಡಿಸಿದರಂತೆ.