ಲ್ಯಾಬ್ ಕಥೆಗಳು – 4: ಇಲಿಗೇನೋ ನೆನಪಾಯ್ತು, ನಮಗೆ?

ಫೋಟೋದಲ್ಲಿ ಎಡಕ್ಕಿರೋದು ಒಂದೆಲಗ. ಬಲಕ್ಕಿರೋ ಪುಟ್ಟ, ದಪ್ಪ ಎಲೆಯದ್ದು ನೀರುಬ್ರಾಹ್ಮಿ. ನಮ್ಮಲ್ಲಿ ಎರಡನ್ನೂ "ಬ್ರಾಹ್ಮಿ" ಅಂತಾರೆ. ಗಿಡದ ಕುಟುಂಬ ಬೇರೆ, ಒಳಗಿನ ರಾಸಾಯನಿಕಗಳೂ ಬೇರೆ. ನಂಬಿಕೆ ಮಾತ್ರ ಒಂದೇ: ತಿಂದ್ರೆ ನೆನಪಿನ ಶಕ್ತಿ ಹೆಚ್ಚುತ್ತೆ.

ಎಂ.ಫಾರ್ಮಾದಲ್ಲಿ ನನ್ನ ಪ್ರಾಜೆಕ್ಟ್ ಒಂದೆಲಗದ ಮೇಲೇ ಇತ್ತು. "ಇಲಿಗೆ ನೆನಪಿನ ಪರೀಕ್ಷೆ ಹೇಗ್ರೀ ಮಾಡ್ತೀರಿ?" ಅಂತ ತುಂಬಾ ಜನ ಕೇಳಿದ್ರಿ. ಹೇಳ್ತೀನಿ.

ಒಂದು ದೊಡ್ಡ ದುಂಡನೆಯ ತೊಟ್ಟಿ. ನೀರಿಗೆ ಹಾಲಿನ ಪುಡಿಯನ್ನೋ ಬಣ್ಣವನ್ನೋ ಕಲಸಿ ತಳ ಕಾಣದ ಹಾಗೆ ಮಾಡ್ತಾರೆ. ನೀರಿನ ಮಟ್ಟಕ್ಕಿಂತ ಒಂದೆರಡು ಸೆಂ.ಮೀ. ಕೆಳಗೆ ಒಂದು ಪುಟ್ಟ ಕಟ್ಟೆ. ಇಲಿ ಈಜುತ್ತೆ, ಆದ್ರೆ ಅದಕ್ಕೆ ನೀರಲ್ಲಿರೋದು ಇಷ್ಟ ಇಲ್ಲ. ಹುಡುಕಿ ಹುಡುಕಿ ಕಟ್ಟೆ ಹತ್ತುತ್ತೆ. ದಿನಕ್ಕೆ ನಾಲ್ಕು ಸಲ, ನಾಲ್ಕೈದು ದಿನ. ಗೋಡೆ ಮೇಲಿನ ಗುರುತುಗಳನ್ನ ನೋಡಿ ಜಾಗ ನೆನಪಿಟ್ಟುಕೊಳ್ಳುತ್ತೆ. ಕೊನೇ ದಿನ ಕಟ್ಟೆನೇ ತೆಗೀತೀವಿ. ಅದು ಇದ್ದ ಜಾಗದಲ್ಲೇ ಇಲಿ ಸುತ್ತುತ್ತಾ ಇದ್ರೆ, ನೆನಪಿದೆ ಅಂತ ಅರ್ಥ. ರಿಚರ್ಡ್ ಮಾರಿಸ್ 1981ರಲ್ಲಿ ವಿವರಿಸಿದ ಈ ವಿಧಾನ ಇವತ್ತಿಗೂ ನಡೀತಿದೆ.

ಮರೆವು ಬರಿಸೋಕೆ ಸ್ಕೋಪೊಲಮೈನ್ ಅನ್ನೋ ಔಷಧಿ ಚುಚ್ಚುತ್ತೀವಿ. ಮಿದುಳಲ್ಲಿ ಅಸಿಟೈಲ್‌ಕೋಲೀನ್ ಮಾಡೋ ಕೆಲಸವನ್ನ ಅದು ಸ್ವಲ್ಪ ಹೊತ್ತು ತಡೆಯುತ್ತೆ. ಗಿಡದ ಸತ್ವ ಕುಡಿದ ಇಲಿಗಳು ಆಗಲೂ ಕಟ್ಟೆಯನ್ನ ಬೇಗ ಹುಡುಕಿದ್ರೆ, "ಪರಿಣಾಮ ಇದೆ" ಅಂತ ಬರೀತೀವಿ. ನಮ್ಮವೂ ಬೇಗ ಹುಡುಕಿದ್ವು.

ಕೊನೆಗೆ ಅವನ್ನ ಕೊಂದು, ಮಿದುಳು ತೆಗೆದು, ಐಸ್ ಮೇಲಿಟ್ಟು ಕಿಣ್ವ ಅಳೀತೀವಿ. ಎಥಿಕ್ಸ್ ಸಮಿತಿಯ ಒಪ್ಪಿಗೆ ಇರುತ್ತೆ, ನಿಜ. ಆದ್ರೂ ಐದು ದಿನ ನನ್ನ ಕೈಮೇಲೇ ಟವೆಲ್ಲಲ್ಲಿ ಮೈ ಒರೆಸಿಕೊಂಡ ಜೀವ ಅದು. ಆ ದಿನ ಹಾಸ್ಟೆಲಲ್ಲಿ ಊಟ ಸೇರ್ಲಿಲ್ಲ.

ಇಂಥ ಕೆಲಸ ಹೊಸದೇನಲ್ಲ. ಲಕ್ನೋದ ಸಿಡಿಆರ್‌ಐನವರು ನೀರುಬ್ರಾಹ್ಮಿಯನ್ನ ಇಲಿಗಳ ಮೇಲೆ ಪರೀಕ್ಷಿಸಿ 1982ರಲ್ಲೇ ಪ್ರಕಟಿಸಿದ್ರು. ಮಣಿಪಾಲದಲ್ಲಿ ಮರಿ ಇಲಿಗಳಿಗೆ ಒಂದೆಲಗದ ಹಸಿ ರಸ ಕುಡಿಸಿ, ನರಕೋಶಗಳ ಕವಲು ಹೆಚ್ಚಿದ್ದನ್ನ ಕಂಡಿದ್ದಾರೆ.

ಹೋದ ವರ್ಷ ಮಾವ ಫೋನ್ ಮಾಡಿದ್ರು. ಅಜ್ಜಿಗೆ ಮರೆವಿನ ಕಾಯಿಲೆ. "ಈ ಬಾಟ್ಲಿ ಮೇಲೆ 'ವೈಜ್ಞಾನಿಕವಾಗಿ ಸಾಬೀತು' ಅಂತಿದೆ. ನೀನೇ ಇಲಿಗೆ ಕೊಟ್ಟು ನೋಡಿದ್ಯಲ್ಲೇ? ಡಾಕ್ಟರ ಮಾತ್ರೆ ನಿಲ್ಲಿಸಿ ಇದನ್ನೇ ಕೊಡ್ಲಾ?"

ಬೇಡ ಮಾವ, ಅಂದೆ. ಆ ಇಲಿಗಳು ಎಳೇ ಪ್ರಾಯದವು, ಆರೋಗ್ಯವಾಗಿದ್ದವು. ಅವುಗಳ ಮರೆವು ಒಂದು ಇಂಜೆಕ್ಷನ್‌ದು, ಅದರ ಪ್ರಭಾವ ಇಳಿದ್ರೆ ತಾನೇ ಹೋಗುತ್ತೆ. ಅಜ್ಜಿಯ ಮಿದುಳಲ್ಲಿ ನರಕೋಶಗಳೇ ಸಾಯ್ತಿವೆ. ಇನ್ನು ಡೋಸ್ ನೋಡಿ: ಇಲಿಗೆ ಕೆ.ಜಿ.ಗೆ 200 ಮಿ.ಗ್ರಾಂ. ಕೊಟ್ರೆ, ಅದನ್ನ ಮನುಷ್ಯರ ಲೆಕ್ಕಕ್ಕೆ ಇಳಿಸಿದಾಗ 60 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 2 ಗ್ರಾಂ ಒಣ ಸತ್ವ ಬೇಕು. ಬಾಟ್ಲಿಯ ಒಂದು ಕ್ಯಾಪ್ಸೂಲಲ್ಲಿ ಎಷ್ಟಿದೆ ಓದಿ.

ಮನುಷ್ಯರ ಮೇಲೂ ಪರೀಕ್ಷೆ ಆಗಿದೆ. ಆರೋಗ್ಯವಂತರು ದಿನಕ್ಕೆ 300 ಮಿ.ಗ್ರಾಂ.ನಂತೆ 12 ವಾರ ನೀರುಬ್ರಾಹ್ಮಿ ಸತ್ವ ತಗೊಂಡಾಗ ಕೆಲವು ಅಧ್ಯಯನಗಳಲ್ಲಿ ಸಣ್ಣ ಲಾಭ ಕಂಡಿದೆ. ಅದು ನೀರುಬ್ರಾಹ್ಮಿ, ಒಂದೆಲಗ ಅಲ್ಲ. ಮರೆವಿನ ಕಾಯಿಲೆ ವಾಸಿಯಾಯ್ತು ಅನ್ನೋದಕ್ಕೆ ಎರಡಕ್ಕೂ ಗಟ್ಟಿ ಪುರಾವೆ ಇಲ್ಲ.

ಒಂದೆಲಗದ ತಂಬುಳಿ ಖಂಡಿತ ಮಾಡಿ, ಬಿಸಿ ಅನ್ನಕ್ಕೆ ಅದಕ್ಕಿಂತ ಬೇರೆ ಬೇಕಾ? ಆದ್ರೆ ಬಾಟ್ಲಿ ಮೇಲೆ "ಸಾಬೀತು" ಅಂತ ಕಂಡಾಗ ಮೂರು ಪ್ರಶ್ನೆ ಕೇಳಿ: ಯಾವ ಗಿಡ? ಯಾರ ಮೇಲೆ? ಎಷ್ಟು ಡೋಸ್? ಉತ್ತರ ಸಿಗೋವರೆಗೂ ಡಾಕ್ಟರ ಮಾತ್ರೆ ನಿಲ್ಲಿಸಬೇಡಿ. ಜೊತೆಗೆ ಕೊಡೋದಿದ್ರೂ ಅವರನ್ನ ಕೇಳಿಯೇ ಕೊಡಿ.

ನಿಮ್ಮೂರಲ್ಲಿ ಒಂದೆಲಗಕ್ಕೆ ಏನಂತಾರೆ? ತಿಮರೆ? ಉರಗೆ? ಕಾಮೆಂಟಲ್ಲಿ ಬರೀರಿ. ಮುಂದಿನ ಭಾಗದಲ್ಲಿ ಅಶ್ವಗಂಧ.

#ಲ್ಯಾಬ್‌ಕಥೆಗಳು #ಒಂದೆಲಗ #ನೀರುಬ್ರಾಹ್ಮಿ #ಕನ್ನಡದಲ್ಲಿವಿಜ್ಞಾನ