ಆನ್ ಆರ್ಬರಿನ ಶನಿವಾರಗಳು

ಅಮೆರಿಕದ ಭೂಪಟದಲ್ಲಿ ಮಿಷಿಗನ್ ಸಂಸ್ಥಾನವನ್ನು ಗುರುತಿಸುವುದು ಸುಲಭ. ದೊಡ್ಡ ಸರೋವರಗಳ ನಡುವೆ ಯಾರೋ ಕೈಗವಸು ತೊಟ್ಟ ಅಂಗೈಯನ್ನು ಎತ್ತಿ ಹಿಡಿದಂತೆ ಅದು ಕಾಣುತ್ತದೆ. ಆ ಅಂಗೈಯ ಬುಡದಲ್ಲಿ, ಮೋಟಾರುಗಾಡಿಗಳ ತವರಾದ ಡೆಟ್ರಾಯಿಟ್ ನಗರಕ್ಕೆ ಪಶ್ಚಿಮದಲ್ಲಿ, ಸುಮಾರು 70 ಕಿಲೋಮೀಟರು ದೂರದಲ್ಲಿ ಆನ್ ಆರ್ಬರ್ ಎಂಬ ಊರಿದೆ. 1817ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಮಿಷಿಗನ್ ವಿಶ್ವವಿದ್ಯಾನಿಲಯ 1837ರಲ್ಲಿ ಇಲ್ಲಿಗೆ ಬಂದು ನೆಲೆಸಿತು. ಪುಸ್ತಕದಂಗಡಿಗಳು, ಕಾಫಿಯ ಅಂಗಡಿಗಳು, ಮರಗಳ ಸಾಲು, ಪಕ್ಕದಲ್ಲಿ ಹರಿಯುವ ಹ್ಯೂರಾನ್ ನದಿ. ಇದ್ದುದರಲ್ಲಿ ಶಾಂತವಾದ ಊರು. ಜನಸಂಖ್ಯೆ ಒಂದು ಲಕ್ಷ ಇಪ್ಪತ್ತು ಸಾವಿರವನ್ನು ಸ್ವಲ್ಪ ಮೀರಿದೆ. ಆ ಊರಿನ ಕ್ರೀಡಾಂಗಣದಲ್ಲಿ ಕೂರಲು ಇರುವ ಸ್ಥಳಗಳ ಸಂಖ್ಯೆ 1,07,601. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಊರಿನ ಸ್ವಭಾವ ಅರ್ಧ ತಿಳಿದಂತೆಯೇ.

2019ರ ಶರತ್ಕಾಲದಲ್ಲಿ ಅಕ್ಕನ ಬಾಣಂತನಕ್ಕೆಂದು ಹೊರಟ ಅಮ್ಮನ ಜೊತೆಗೆ ನಾನೂ ಅಲ್ಲಿಗೆ ಹೋದೆ. ಭಾವ ಪ್ರತಿ ವರ್ಷವೂ ಕ್ರೀಡಾಋತುವಿಡೀ ಸಲ್ಲುವ ಎರಡು ಟಿಕೆಟುಗಳನ್ನು ಕೊಳ್ಳುವವರು. ಹಸುಗೂಸನ್ನು ಬಿಟ್ಟು ಅಕ್ಕ ಹೋಗುವಂತಿರಲಿಲ್ಲ; ಹೀಗಾಗಿ ಅವಳ ಸ್ಥಾನ ನನಗೆ ದೊರೆಯಿತು. ಹಳಗನ್ನಡ ಓದಿಕೊಂಡಿದ್ದ ನಾನು ಕಾಲೇಜು ಫುಟ್‌ಬಾಲಿನ ಭಕ್ತನಾದದ್ದು ಹೀಗೆ, ಹೆಚ್ಚು ಕಡಿಮೆ ಬಾಣಂತನದ ದೆಸೆಯಿಂದ.

ಶನಿವಾರ ಬೆಳಗಾಗುತ್ತಲೇ ಊರಿನ ರೂಪ ಬದಲಾಗುತ್ತದೆ. ಮನೆಯವರು ತಮ್ಮ ಅಂಗಳದ ಹುಲ್ಲುಹಾಸನ್ನೇ ಮೋಟಾರು ನಿಲ್ಲಿಸಲು ಬಾಡಿಗೆಗೆ ಬಿಡುತ್ತಾರೆ. ಪ್ರೌಢಶಾಲೆಯ ಬಯಲು, ಗಾಲ್ಫ್ ಆಟದ ಮೈದಾನ, ಎಲ್ಲೆಲ್ಲೂ ವಾಹನಗಳು. ವಾಹನದ ಹಿಂಬಾಗಿಲನ್ನು ತೆರೆದು, ಒಲೆ ಹೂಡಿ, ಮಡಿಸುವ ಕುರ್ಚಿಗಳನ್ನು ಬಿಡಿಸಿ, ಮೂರು ತಲೆಮಾರಿನ ಸಂಸಾರಗಳು ಅಡುಗೆ ಮಾಡಿ ಉಣ್ಣುತ್ತವೆ. ನಮ್ಮಲ್ಲಿ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋದವರು ತೋಪಿನಲ್ಲಿ ಒಲೆ ಹೂಡುವುದನ್ನು ಕಂಡವರಿಗೆ ಇದು ಹೊಸದೆನಿಸದು. ನಮ್ಮ ಡಬ್ಬಿಯಲ್ಲಿ ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ ಇರುತ್ತಿತ್ತು. ಪಕ್ಕದ ಗಾಡಿಯ ವೃದ್ಧರೊಬ್ಬರು ಮೊದಲ ವಾರ ಅದನ್ನು ಸಂಶಯದಿಂದ ನೋಡಿದರು. ಮೂರನೆಯ ವಾರ ತಾವಾಗಿಯೇ ತಟ್ಟೆ ಹಿಡಿದು ಬಂದರು. ಎಲ್ಲರ ಮೈಮೇಲೂ ಎರಡೇ ಬಣ್ಣ, ಕಡುನೀಲಿ ಮತ್ತು ಹಳದಿ. ಆ ಹಳದಿಗೆ ಅವರಿಟ್ಟ ಹೆಸರು ಮೆಕ್ಕೆಜೋಳದ್ದು. ದಾವಣಗೆರೆಯ ಕಡೆಯವರಿಗೆ ವಿವರಿಸಬೇಕಾಗಿಲ್ಲ.

ಕ್ರೀಡಾಂಗಣದ ಪ್ರವೇಶವೇ ಒಂದು ವಿಸ್ಮಯ. ಪೂರ್ವ ಪಶ್ಚಿಮಗಳಲ್ಲಿ 2010ರ ವೇಳೆಗೆ ಎತ್ತರದ ಕಟ್ಟಡಗಳನ್ನು ಎಬ್ಬಿಸಿದ್ದಾರೆ, ನಿಜ. ಆದರೆ ಮೂಲ ಅಂಗಣ ನೆಲದ ಮೇಲಿಲ್ಲ, ನೆಲದೊಳಗಿದೆ. ಬೀದಿಯಿಂದ ಸಮನಾಗಿ ನಡೆದು ಬಾಗಿಲು ದಾಟಿದರೆ ನಾವು ನಿಂತಿರುವುದು ಮೇಲ್ತುದಿಯ ಸಾಲುಗಳ ಬಳಿ. ಪಾತಾಳದಲ್ಲಿ ಹಸಿರು ಮೈದಾನ. ಫೀಲ್ಡಿಂಗ್ ಯೋಸ್ಟ್ ಎಂಬ ಶಿಕ್ಷಕರ ಹಟದಿಂದ ಭೂಮಿಯನ್ನಗೆದು ಕಟ್ಟಿದ ಈ ಬೋಗುಣಿ ತೆರೆದದ್ದು 1927ರಲ್ಲಿ. ನನ್ನ ಕಣ್ಣಿಗೆ ಅದು ಬೋಗುಣಿಯಾಗಿ ಕಾಣಲಿಲ್ಲ. ಮೇಲುಕೋಟೆಯ ಕಲ್ಯಾಣಿಯಾಗಿ ಕಂಡಿತು. ಅದೇ ಮೆಟ್ಟಿಲುಗಳ ಸಾಲು, ಅದೇ ಇಳಿಜಾರು, ನೀರಿನ ಬದಲು ಹುಲ್ಲು. 1975ರ ನವೆಂಬರ್ 8ರಿಂದ ಇಲ್ಲಿ ನಡೆದ ಪ್ರತಿಯೊಂದು ಆಟಕ್ಕೂ ಲಕ್ಷ ಮೀರಿ ಜನ ಸೇರಿದ್ದಾರೆ. ಮಹಾಮಾರಿಯ 2020ನೆಯ ವರ್ಷವೊಂದೇ ಇದಕ್ಕೆ ಅಪವಾದ. 2013ರಲ್ಲಿ ನೋಟರ್ ಡೇಮ್ ತಂಡ ಬಂದಾಗ ಸೇರಿದವರು 1,15,109.

ಫುಟ್‌ಬಾಲ್ ಎಂಬ ಹೆಸರನ್ನು ಕೇಳಿ ವಾಚಕರು ಮೋಸಹೋಗಬಾರದು. ಈ ಆಟದಲ್ಲಿ ಪಾದಕ್ಕೆ ಕೆಲಸ ಕಡಿಮೆ. ಚೆಂಡು ತೆಂಗಿನಕಾಯಿಯ ಆಕಾರದ್ದು. ಅದನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರೆ, ಇಲ್ಲವೆ ಮುಂದಕ್ಕೆ ಎಸೆಯುತ್ತಾರೆ. ಪಕ್ಷಕ್ಕೆ ಹನ್ನೊಂದು ಜನ. ಮೈದಾನ ನೂರು ಗಜ. ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುನ್ನಡೆದರೆ ಚೆಂಡು ನಿಮ್ಮಲ್ಲೇ ಉಳಿಯುತ್ತದೆ; ಇಲ್ಲವಾದರೆ ಎದುರಾಳಿಗೆ. ಸಂಶಯ ಬಂದಾಗ ಅಧಿಕಾರಿಗಳು ಹತ್ತು ಗಜದ ಸರಪಣಿಯನ್ನು ಹೊತ್ತು ತಂದು ಅಳೆಯುತ್ತಾರೆ. ಆ ದೃಶ್ಯವನ್ನು ಕಂಡಾಗ ನನಗೆ ಆಟ ಥಟ್ಟನೆ ಅರ್ಥವಾಯಿತು. ಇದು ಹೊಲದ ಬದುವಿನ ವ್ಯಾಜ್ಯ! ಅಂಗುಲ ಅಂಗುಲಕ್ಕೂ ಹೊಡೆದಾಟ, ಕೊನೆಗೆ ಮೋಜಣಿಯವರು ಬಂದು ಸರಪಣಿ ಎಳೆಯುವುದು.

ವ್ಯಾಜ್ಯವೆಂದೆನಲ್ಲ, ಮಿಷಿಗನ್ನಿಗೂ ದಕ್ಷಿಣದ ಓಹಾಯೊ ಸಂಸ್ಥಾನಕ್ಕೂ ಇರುವ ಹಗೆ ನಿಜವಾದ ಗಡಿವ್ಯಾಜ್ಯದಿಂದಲೇ ಮೊದಲಾದದ್ದು. ಟೊಲೀಡೊ ಪಟ್ಟಣ ಯಾರದೆಂದು 1835ರಲ್ಲಿ ಎರಡು ಕಡೆಯವರೂ ಬಂದೂಕು ಹಿಡಿದು ನಿಂತರು. ಪುಣ್ಯವಶಾತ್ ಯಾರೂ ಸಾಯಲಿಲ್ಲ. ಪಟ್ಟಣ ಓಹಾಯೊ ಪಾಲಾಯಿತು. ಮಿಷಿಗನ್ನಿಗೆ ಪರಿಹಾರವಾಗಿ ಉತ್ತರದ ಕಾಡುನೆಲ ಸಿಕ್ಕಿತು. ಆ ಕಾಡಿನಲ್ಲಿ ಮುಂದೆ ತಾಮ್ರ, ಕಬ್ಬಿಣ ದೊರೆತವೆಂಬುದು ಬೇರೆ ಮಾತು. ಎರಡು ವಿಶ್ವವಿದ್ಯಾನಿಲಯಗಳ ನಡುವೆ ಮೊದಲ ಆಟ ನಡೆದದ್ದು 1897ರಲ್ಲಿ. ಈಗ ನವೆಂಬರಿನ ಕೊನೆಯ ವಾರ ಬಂತೆಂದರೆ ಆಟದ ಹೆಸರನ್ನು ಯಾರೂ ಹೇಳುವುದಿಲ್ಲ. ‘ಆ ಆಟ’ ಎಂದರೆ ಸಾಕು. 1950ರಲ್ಲಿ ಓಹಾಯೊದ ಕೊಲಂಬಸ್ ನಗರದಲ್ಲಿ ಹಿಮದ ಬಿರುಗಾಳಿಯ ನಡುವೆ ‘ಆ ಆಟ’ ನಡೆಯಿತು. ಮೈದಾನದ ಗೆರೆಗಳು ಹಿಮದಡಿ ಹೂತುಹೋಗಿದ್ದವು. ಮಿಷಿಗನ್ ಒಮ್ಮೆಯೂ ಹತ್ತು ಗಜ ಮುನ್ನಡೆಯದೆ 9–3ರಿಂದ ಗೆದ್ದಿತು. ಅದನ್ನು ನೋಡಲು ಸುಮಾರು ಐವತ್ತು ಸಾವಿರ ಮಂದಿ ಆ ಹಿಮದಲ್ಲಿ ಕುಳಿತಿದ್ದರು!

ನಮ್ಮ ಭಾವ ವಿದ್ಯಾರ್ಥಿಯಾಗಿ ಆನ್ ಆರ್ಬರಿಗೆ ಬಂದದ್ದು 2003ರಲ್ಲಿ. ಆ ವರ್ಷ ನಡೆದದ್ದು ನೂರನೆಯ ‘ಆ ಆಟ’. ಮಿಷಿಗನ್ 35–21ರಿಂದ ಗೆದ್ದಿತು. “ಬಂದ ವರ್ಷವೇ ಗೆದ್ದರಪ್ಪಾ, ಇವರು ಯಾವಾಗಲೂ ಗೆಲ್ಲುವವರೇ ಇರಬೇಕೆಂದುಕೊಂಡೆ” ಎಂದು ಅವರು ಈಗಲೂ ನಗುತ್ತಾರೆ. ನಂತರದ ಕಥೆ ಕೇಳಿ. 2004ರಿಂದ 2019ರವರೆಗೆ ಹದಿನಾರು ಆಟಗಳಲ್ಲಿ ಮಿಷಿಗನ್ ಗೆದ್ದದ್ದು ಒಂದೇ ಒಂದು, 2011ರಲ್ಲಿ. 2006ರಲ್ಲಿ ದೇಶದ ಮೊದಲನೆಯ, ಎರಡನೆಯ ಸ್ಥಾನಗಳಲ್ಲಿದ್ದ ತಂಡಗಳಾಗಿ ಇವೆರಡೂ ಎದುರಾದವು. ಆಟದ ಹಿಂದಿನ ದಿನವೇ ಮಿಷಿಗನ್ನಿನ ವೃದ್ಧ ಗುರು ಬೊ ಷೆಂಬೆಕ್ಲರ್ ತೀರಿಕೊಂಡರು. ಮರುದಿನ ತಂಡ 42–39ರಿಂದ ಸೋತಿತು. 2007ರ ಋತುವಿನ ಮೊದಲ ದಿನವೇ, ಐದನೆಯ ಶ್ರೇಯಾಂಕದಲ್ಲಿದ್ದ ಮಿಷಿಗನ್, ಕೆಳಗಿನ ದರ್ಜೆಯ ಅಪಲ್ಯಾಚಿಯನ್ ಸ್ಟೇಟ್ ವಿಶ್ವವಿದ್ಯಾನಿಲಯದವರಿಗೆ ತನ್ನ ಮನೆಯಂಗಳದಲ್ಲಿ 34–32ರಿಂದ ಸೋತಿತು. ಆ ಮಧ್ಯಾಹ್ನದ ಮಾತನ್ನು ಭಾವನ ಮುಂದೆ ಎತ್ತಬಾರದೆಂದು ಅಕ್ಕ ನನಗೆ ಮೊದಲ ದಿನವೇ ಎಚ್ಚರಿಸಿದ್ದಳು.

ಆ ಋತುವಿನಲ್ಲಿ ನಾನು ಕಂಡ ಆಟಗಳಲ್ಲಿ ಎರಡು ಮನಸ್ಸಿನಲ್ಲಿ ನಿಂತಿವೆ. ಅಕ್ಟೋಬರ್ 26ರ ರಾತ್ರಿ, ಮಲೆನಾಡಿನ ಆಷಾಢವನ್ನು ನೆನಪಿಸುವ ಮಳೆಯಲ್ಲಿ, ನೋಟರ್ ಡೇಮ್ ತಂಡವನ್ನು 45–14ರಿಂದ ಸೋಲಿಸಿದ್ದು ಒಂದು. ಲಕ್ಷ ಜನರಲ್ಲಿ ಕೊಡೆ ಹಿಡಿದವರಿಲ್ಲ. ಕೊಡೆಗೆ ಅಲ್ಲಿ ಪ್ರವೇಶವೇ ಇಲ್ಲ. ನವೆಂಬರ್ 30ರ ‘ಆ ಆಟ’ ಇನ್ನೊಂದು. ಅಂದು ಓಹಾಯೊದವರು ನಮ್ಮನ್ನು 56–27ರಿಂದ ಮಣ್ಣುಗೂಡಿಸಿದರು. (‘ನಮ್ಮನ್ನು’ ಎಂಬ ಪದ ಆ ವೇಳೆಗೆ ನನ್ನ ಬಾಯಿಗೆ ಬಂದುಬಿಟ್ಟಿತ್ತು.) ಆಟ ಮುಗಿಯಲು ಇನ್ನೂ ಹೊತ್ತಿರುವಾಗಲೇ ಸಾಲು ಸಾಲು ಜನ ಎದ್ದು ಹೊರಟರು. ಚಳಿಗೆ ನನ್ನ ಕಾಲ್ಬೆರಳುಗಳು ಮರಗಟ್ಟಿದ್ದವು. ‘ಹೊರಡೋಣವೆ, ಭಾವ?’ ಎಂದೆ. ಭಾವ ಮೈದಾನದಿಂದ ಕಣ್ಣು ತೆಗೆಯಲಿಲ್ಲ. “ಸೋಲುವಾಗ ಎದ್ದು ಹೋಗುವುದಾದರೆ ಬರುವುದಾದರೂ ಏಕೆ?” ಎಂದರು. ಗಡಿಯಾರ ಸೊನ್ನೆಗೆ ಬರುವವರೆಗೂ ಕುಳಿತಿದ್ದೆವು. ಪುಳಿಯೋಗರೆಯ ಆ ವೃದ್ಧರೂ ಎರಡು ಸಾಲು ಕೆಳಗೆ ಕುಳಿತೇ ಇದ್ದರು.

ಅಭಿಮಾನಿಯ ಒಗಟು ಇಲ್ಲಿದೆ. ಕಾಲೇಜು ತಂಡದ ಆಟಗಾರ ನಾಲ್ಕೈದು ವರ್ಷವಿದ್ದು ಹೋಗುತ್ತಾನೆ. ಶಿಕ್ಷಕರೂ ಬದಲಾಗುತ್ತಾರೆ. ಹಾಗಾದರೆ ನಾವು ಭಕ್ತಿಯಿಟ್ಟಿರುವುದು ಯಾವುದರಲ್ಲಿ? 1938ರಲ್ಲಿ ಫ್ರಿಟ್ಜ್ ಕ್ರೈಸ್ಲರ್ ಎಂಬ ಶಿಕ್ಷಕರು ತಂದ, ರೆಕ್ಕೆಯ ಚಿತ್ರವಿರುವ ಶಿರಸ್ತ್ರಾಣದಲ್ಲಿಯೆ? ಸುರಂಗದಿಂದ ಓಡಿಬರುವ ವಾದ್ಯವೃಂದದ ಮುಂದಾಳು ಬಿಲ್ಲಿನಂತೆ ಹಿಂದಕ್ಕೆ ಬಾಗಿ ಟೋಪಿಯ ಗರಿಯನ್ನು ನೆಲಕ್ಕೆ ತಾಗಿಸುತ್ತಾನಲ್ಲ, ಆ ಕ್ಷಣದಲ್ಲಿಯೆ? ಇಲ್ಲವೆ ನಾವು ಹಾಡುವ ಆ ವಿಜಯಗೀತೆಯಲ್ಲಿಯೆ?

ಆ ಗೀತೆಗೊಂದು ಕಥೆಯಿದೆ. 1898ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯವನ್ನು ಮಿಷಿಗನ್ 12–11ರಿಂದ ಗೆದ್ದಾಗ ಲೂಯಿ ಎಲ್ಬೆಲ್ ಎಂಬ ವಿದ್ಯಾರ್ಥಿ ಹುಮ್ಮಸ್ಸಿನಲ್ಲಿ ರಚಿಸಿದ್ದು ಅದು. ಷಿಕಾಗೊ ಎಂದರೆ ಕನ್ನಡದ ವಿದ್ಯಾರ್ಥಿಗೆ ನೆನಪಾಗುವುದು ಬೇರೆಯೇ. ವಚನಗಳನ್ನು ಇಂಗ್ಲಿಷಿಗೆ ತಂದ ಎ. ಕೆ. ರಾಮಾನುಜನ್ 1962ರಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಕಲಿಸಿದ್ದು ಅಲ್ಲಿ. ನವೆಂಬರಿನಲ್ಲೊಂದು ದಿನ ರೈಲು ಹತ್ತಿ, ನಾಲ್ಕೈದು ಗಂಟೆ ಪಯಣಿಸಿ ಷಿಕಾಗೊಗೆ ಹೋದೆ. ಹೋದದ್ದು ರಾಮಾನುಜನ್ನರ ನೆಲವನ್ನು ಕಾಣಲು. ಕಂಡದ್ದು ಫುಟ್‌ಬಾಲಿನ ಸಮಾಧಿ! ಒಂದು ಕಾಲಕ್ಕೆ ಈ ವಿಶ್ವವಿದ್ಯಾನಿಲಯವೇ ಆಟದ ದೊರೆ. ಆದರೆ ಅಲ್ಲಿನ ಅಧ್ಯಕ್ಷ ರಾಬರ್ಟ್ ಹಚಿನ್ಸ್, ವಿದ್ಯೆಗೂ ಈ ಗದ್ದಲಕ್ಕೂ ಸಂಬಂಧವಿಲ್ಲವೆಂಬ ನಿಲುವಿನವರು. 1939ರಲ್ಲಿ ತಂಡವನ್ನೇ ರದ್ದುಗೊಳಿಸಲಾಯಿತು. ಬರಿದಾದ ಕ್ರೀಡಾಂಗಣದ ಅಟ್ಟಣೆಯ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಮಾನವಕೃತ ಪರಮಾಣು ಸರಣಿಕ್ರಿಯೆಯನ್ನು ಮೊಟ್ಟಮೊದಲಿಗೆ ಸಾಧಿಸಿದರು. ಈಗ ಅಲ್ಲೊಂದು ಕಂಚಿನ ಶಿಲ್ಪವಿದೆ. ಉಳಿದ ಅಂಗಣದ ಮೇಲೆ ಭಾರಿ ಗ್ರಂಥಾಲಯ ನಿಂತಿದೆ. 1969ರಲ್ಲಿ ಆಟ ಅಲ್ಲಿಗೆ ಮರಳಿತು, ಕೆಳದರ್ಜೆಯಲ್ಲಿ, ಸದ್ದಿಲ್ಲದೆ.

ಮೇಷ್ಟರಾಗಿ ನಾನು ಯಾರ ಪಕ್ಷ? ಆಡಿಸುವವನ ಸಂಬಳ ಪಾಠ ಹೇಳುವವನ ಸಂಬಳದ ಹತ್ತಾರು ಪಾಲು ಇರುವುದನ್ನು ಯಾವ ಮೇಷ್ಟರು ಒಪ್ಪಿಯಾರು? ಗ್ರಂಥಾಲಯದ ಮೆಟ್ಟಿಲ ಮೇಲೆ ನಿಂತಾಗ ಹಚಿನ್ಸರ ಮಾತು ಸರಿಯೆಂದೇ ತೋರಿತು. ಆದರೆ ಷಿಕಾಗೊದಲ್ಲಿ ಓದಿದ ಎಷ್ಟೋ ಮೇಧಾವಿಗಳು ನನಗೆ ಅಪರಿಚಿತರಾಗಿಯೇ ಉಳಿದಾರು. ಆನ್ ಆರ್ಬರಿನಲ್ಲಿ ಪ್ರವೇಶಪತ್ರವಿಲ್ಲದ, ಪರೀಕ್ಷೆ ಬರೆಯದ ನನ್ನನ್ನು ಆ ವಿದ್ಯಾಲಯ ಮೂರು ತಿಂಗಳಲ್ಲಿ ತನ್ನವನನ್ನಾಗಿ ಮಾಡಿಕೊಂಡಿತು. ಅಲ್ಲಿ ಓದದ ಬಡಗಿಯೂ, ಅಂಚೆಯವನೂ ‘ನಮ್ಮ ಕಾಲೇಜು’ ಎನ್ನುವುದನ್ನು ಕೇಳಿದ್ದೇನೆ. ನಮ್ಮ ಕಾಲೇಜುಗಳಲ್ಲಿ ಪದವಿಪತ್ರ ಕೈಸೇರಿದ ಮೇಲೆ ಹಿಂತಿರುಗಿ ಬರುವವರು ಅಂಕಪಟ್ಟಿಯಲ್ಲಿ ಹೆಸರು ತಪ್ಪಾದವರು ಮಾತ್ರ!

ಮೈಸೂರಿಗೆ ಮರಳಿದ ಮೇಲೂ ಹುಚ್ಚು ಬಿಡಲಿಲ್ಲ. ಅಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಮೊದಲಾಗುವ ಆಟ ಇಲ್ಲಿ ರಾತ್ರಿ ಒಂಬತ್ತೂವರೆಗೆ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಿಟ್ಟ ಮೇಲೆ ಹತ್ತೂವರೆಗೆ. 2021ರ ನವೆಂಬರ್ 27ರ ರಾತ್ರಿ ಮನೆಯವರೆಲ್ಲ ಮಲಗಿದ್ದರು. ಅಂಗೈಯಗಲದ ಪರದೆಯಲ್ಲಿ ಆನ್ ಆರ್ಬರಿನ ಮೇಲೆ ಹಿಮ ಬೀಳುತ್ತಿತ್ತು. ಹಸನ್ ಹಾಸ್ಕಿನ್ಸ್ ಎಂಬ ಹುಡುಗ ಐದು ಸಲ ಗಡಿ ದಾಟಿದ, 42–27. ಜನ ಕಲ್ಯಾಣಿಯ ಮೆಟ್ಟಿಲಿಳಿದು ಹೊಳೆಯಂತೆ ಮೈದಾನಕ್ಕೆ ನುಗ್ಗಿದರು. ಕೂಗುವಂತಿಲ್ಲವೆಂದು ನಾನು ದಿಂಬಿಗೆ ಮುಖ ಒತ್ತಿಕೊಂಡೆ. ಭಾವನಿಂದ ದೂರವಾಣಿ ಬಂತು. ಮಾತಿಲ್ಲ, ಬರಿಯ ಗದ್ದಲ. ಮುಂದಿನ ಮೂರು ವರ್ಷವೂ ‘ಆ ಆಟ’ ನಮ್ಮದೇ ಆಯಿತು. 2024ರ ಜನವರಿ 8ರಂದು ಹ್ಯೂಸ್ಟನ್ ನಗರದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯವನ್ನು 34–13ರಿಂದ ಸೋಲಿಸಿ ಮಿಷಿಗನ್ ರಾಷ್ಟ್ರದ ಪ್ರಶಸ್ತಿಯನ್ನು ಪಡೆಯಿತು. ನಮ್ಮಲ್ಲಿ ಆಗ ಮಂಗಳವಾರದ ಬೆಳಗು. ಅಂದಿನ ಮೊದಲ ಪಾಠ ಪಂಪಭಾರತದ್ದು; ಭೀಮನ ಗದೆಗೆ ಎಂದಿಗಿಂತ ಹೆಚ್ಚು ತೂಕ ಬಂದಿತ್ತೆಂದು ವಿದ್ಯಾರ್ಥಿಗಳು ಹೇಳಿಕೊಂಡರಂತೆ.

ಸಂತೋಷವೊಂದೇ ಇದ್ದಿದ್ದರೆ ಲೇಖನವನ್ನು ಇಲ್ಲಿಗೆ ಮುಗಿಸಬಹುದಿತ್ತು. ಈ ಆಟ ತಲೆಗೆ ತಲೆ ಹೊಡೆಯುವ ಆಟ. 1905ರಲ್ಲಿ ಸಾವುನೋವು ಹೆಚ್ಚಿ, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ನಿನವರನ್ನು ಕರೆಸಿ ಮಾತನಾಡಬೇಕಾಯಿತು. ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮ ಅವಕಾಶ ಕೊಟ್ಟದ್ದು ಮರುವರ್ಷ. 2017ರಲ್ಲಿ ಬಾಸ್ಟನ್ನಿನ ವೈದ್ಯ ವಿಜ್ಞಾನಿಗಳು, ಕಾಲೇಜು ಮಟ್ಟದವರೆಗೆ ಆಡಿ ಗತಿಸಿದ 53 ಜನರ ಮಿದುಳುಗಳನ್ನು ಪರೀಕ್ಷಿಸಿ, 48ರಲ್ಲಿ ಪೆಟ್ಟಿನಿಂದ ಬರುವ ಕ್ಷಯದ ಗುರುತನ್ನು ಕಂಡರು. ಅವು ಸಂಶಯವಿದ್ದ ಮನೆಯವರೇ ಹೆಚ್ಚಾಗಿ ದಾನವಿತ್ತವಾದ್ದರಿಂದ ಎಲ್ಲ ಆಟಗಾರರಿಗೂ ಇದೇ ಲೆಕ್ಕ ಹಾಕಲಾಗದು. ಆದರೂ ದೊಡ್ಡ ಪೆಟ್ಟೊಂದಕ್ಕೆ ಲಕ್ಷ ಜನ ‘ಹೋ’ ಎಂದಾಗ ನನ್ನ ಗಂಟಲಿನಿಂದ ಈಗ ಅರ್ಧ ಧ್ವನಿ ಮಾತ್ರ ಹೊರಡುತ್ತದೆ.

ಹಣದ ಮಾತೂ ಇದೆ. 2021ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಸಂಪಾದಿಸಬಹುದು. 2025ರ ಜುಲೈಯಿಂದ ವಿಶ್ವವಿದ್ಯಾನಿಲಯಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು. ಇದನ್ನು ಕಂಡು ಹಳಬರು ಹಲುಬುತ್ತಾರೆ. ನನಗೆ ಹಲುಬಲು ಮನಸ್ಸಿಲ್ಲ. ಬೋಗುಣಿ ತುಂಬಿಸಿದ ಹುಡುಗರಿಗೆ ಬೊಗಸೆಯಷ್ಟಾದರೂ ಸಿಕ್ಕಿತಲ್ಲ! ನನ್ನ ದುಃಖ ಬೇರೆ. ‘ದೊಡ್ಡ ಹತ್ತು’ ಎಂಬ ಹೆಸರಿನ ಇವರ ಕೂಟದಲ್ಲಿ 2024ರಿಂದ ಹದಿನೆಂಟು ಸದಸ್ಯರು. ಅವರಲ್ಲಿ ಲಾಸ್ ಏಂಜಲೀಸ್‌ನವರೂ ಇದ್ದಾರೆ. ಗಡಿಯ ಜಗಳಕ್ಕೆ ನೆರೆಯವರು ಬೇಕು. ಶಾಂತಸಾಗರದ ದಡದವರೊಡನೆ ಯಾವ ಬದುವಿಗಾಗಿ ಹೊಡೆದಾಡುವುದು?

ಅಂದಿನ ಹಸುಗೂಸು ಈಗ ಶಾಲೆಗೆ ಹೋಗುತ್ತಿದ್ದಾನೆ. “ನೋಡಲಿ, ಬೇಕಾದರೆ ವಾದ್ಯ ಬಾರಿಸಲಿ, ಆಡಲು ಮಾತ್ರ ಬಿಡುವುದಿಲ್ಲ ಕಣೋ” ಎಂಬುದು ಅಕ್ಕನ ತೀರ್ಪು. ಭಾವ ಎದುರಾಡಿಲ್ಲ. ಹುಡುಗನಿಗೆ ಬೇರೊಂದು ಚಿಂತೆ. ಕ್ರೀಡಾಂಗಣದ 1,07,601ರಲ್ಲಿ ಕೊನೆಯ ಆ ಒಂದು ಸ್ಥಾನ, ಶಿರಸ್ತ್ರಾಣಕ್ಕೆ ರೆಕ್ಕೆ ಕೊಟ್ಟ ಕ್ರೈಸ್ಲರ್ ಅವರಿಗೆಂದು ಮೀಸಲಾದದ್ದಂತೆ. ಅದು ಎಲ್ಲಿದೆಯೆಂದು ಯಾರಿಗೂ ಹೇಳುವುದಿಲ್ಲವಂತೆ. ಕಳೆದ ಸಲ ದೂರವಾಣಿಯಲ್ಲಿ ಸೋದರಳಿಯ ಪಿಸುದನಿಯಲ್ಲಿ ನನಗೊಂದು ಗುಟ್ಟು ಹೇಳಿದ. ಆ ಜಾಗ ಯಾವುದೆಂದು ಅವನು ಪತ್ತೆ ಮಾಡಿದ್ದಾನೆ. ಅದು ಅಪ್ಪನಿಂದ ಎರಡು ಸಾಲು ಕೆಳಗಿದೆ, ಅಲ್ಲೊಬ್ಬ ತಾತ ಪ್ರತಿ ವಾರವೂ ಬಂದು ಕೂರುತ್ತಾರೆ, ಅವರಿಗೆ ಪುಳಿಯೋಗರೆ ಬಹಳ ಇಷ್ಟ.